ಎಫ್ರಾಯಿಮ್ ಕಟ್ಸೀರ್ ಕುರಿತು ಪುಟ್ಟಿ ಕೇಳಿದ ಪ್ರಶ್ನೆಗೆ

ಪುಟ್ಟಿ, ನಿನ್ನೆ ರಾತ್ರಿ ನೀನು ಗುಂಪಿಗೆ ಕಳಿಸಿದ ಧ್ವನಿಸಂದೇಶವನ್ನು ಬೆಳಿಗ್ಗೆ ಎರಡು ಸಲ ಕೇಳಿದೆ. ಮುಂದಿನ ವಾರದ ಸೆಮಿನಾರಿನಲ್ಲಿ ಎಫ್ರಾಯಿಮ್ ಕಟ್ಸೀರ್ ಅವರ ಬಗ್ಗೆ ಮಾತನಾಡಬೇಕಾಗಿದೆ, ಇಸ್ರೇಲಿನ ರಾಷ್ಟ್ರಾಧ್ಯಕ್ಷರಾಗಿದ್ದರು ಎಂಬುದರಿಂದ ಆರಂಭಿಸಿ ಕೊನೆಗೆ ಕಿಣ್ವಗಳ (ಜೀವಿಗಳಲ್ಲಿ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನುಗಳ) ವಿಷಯ ಮುಟ್ಟಿದರೆ ಸಾಕೇ ಎಂದು ಕೇಳಿದ್ದೀಯ. ಅದಕ್ಕೆ ನಿನ್ನ ಅಪ್ಪ, ಅಂದರೆ ನಮ್ಮ ಭಾವ, ಅಂಥ ಹುದ್ದೆಗೇರಿದವರ ವಿಜ್ಞಾನ ಹೆಸರಿಗಷ್ಟೇ ಇದ್ದೀತು ಎಂದು ಸಂದೇಹಪಟ್ಟಿದ್ದಾರೆ. ಭಾವನವರು ಬೇಸರಿಸಬಾರದು, ಇಲ್ಲಿ ಸಂಗತಿ ಹಾಗಿಲ್ಲ. ಇಷ್ಟು ವರ್ಷ ಜೀವರಸಾಯನ ವಿಜ್ಞಾನ ಕಲಿಸಿದ ಚಿಕ್ಕಮ್ಮನ ಮಾತನ್ನು ಕೇಳುವುದಾದರೆ, ಪುಟ್ಟಿ, ನೀನು ಹಾಕಿಕೊಂಡಿರುವ ಕ್ರಮವನ್ನು ಪೂರ್ತಿ ತಿರುಗಿಸು, ಪ್ರೋಟೀನಿನ ಕೊಂಡಿಗಳಾದ ಅಮೈನೋ ಆಮ್ಲಗಳಲ್ಲಿ ಲೈಸಿನ್ ಒಂದನ್ನೇ ಪೋಣಿಸಿದ ಸರಪಳಿಯಾದ ಪಾಲಿಲೈಸಿನ್‌ನಿಂದ ಆರಂಭಿಸು.

ಅವರು ಹುಟ್ಟಿದ್ದು 1916ರಲ್ಲಿ, ಕೀವ್ ನಗರದಲ್ಲಿ. ಬಾಲ್ಯದಲ್ಲೇ ಕುಟುಂಬ ಪ್ಯಾಲೆಸ್ತೀನಿಗೆ ಬಂತು. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಓದಿ ಅಲ್ಲಿಯೇ ಡಾಕ್ಟರೇಟ್ ಪಡೆದರು. ಆಗ ಅವರ ಹೆಸರು ಕಚಾಲ್ಸ್ಕಿ; ಹಳೆಯ ಸಂಶೋಧನಾ ಲೇಖನಗಳನ್ನು ಹುಡುಕುವಾಗ ಆ ಹೆಸರನ್ನೇ ಹಾಕು, ಇಲ್ಲದಿದ್ದರೆ ಮುಖ್ಯವಾದವೇ ಕೈತಪ್ಪುತ್ತವೆ.

ಆ ಕಾಲಕ್ಕೆ ಪ್ರೋಟೀನೆಂದರೆ ದೊಡ್ಡ ಒಗಟು. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ಯಾವ ಅನುಕ್ರಮದಲ್ಲಿ ಪೋಣಿಸಿಕೊಂಡಿವೆ ಎಂಬುದು ಒಂದೇ ಒಂದು ಪ್ರೋಟೀನಿನ ವಿಷಯದಲ್ಲೂ ಪೂರ್ತಿಯಾಗಿ ತಿಳಿದಿರಲಿಲ್ಲ. ಹಾಗಿರುವಾಗ ನಿಸರ್ಗದ ಪ್ರೋಟೀನನ್ನೇ ಬಿಡಿಸುತ್ತಾ ಕೂರುವ ಬದಲು, ಒಂದೇ ಅಮೈನೋ ಆಮ್ಲವನ್ನು ಉದ್ದಕ್ಕೂ ಪೋಣಿಸಿದ ಸರಳ ಸರಪಳಿಯನ್ನು ತಾವೇ ಕಟ್ಟಿ ಅದರ ಗುಣಗಳನ್ನು ಅಳೆದರೆ ದೊಡ್ಡ ಒಗಟಿಗೊಂದು ದಾರಿ ಸಿಕ್ಕೀತು ಎಂದು ಅವರು ಯೋಚಿಸಿದರು. ಲೈಸಿನ್ನನ್ನು ಹಾಗೆ ಪೋಣಿಸುವುದು ಸುಲಭವಿರಲಿಲ್ಲ, ಏಕೆಂದರೆ ಅದರ ಪಾರ್ಶ್ವದಲ್ಲಿ ಇನ್ನೊಂದು ಅಮೈನೋ ಗುಂಪಿದೆ. ಅದನ್ನು ಹಾಗೆಯೇ ಬಿಟ್ಟರೆ ಸರಪಳಿ ಎಲ್ಲೆಂದರಲ್ಲಿ ಕವಲೊಡೆಯುತ್ತದೆ. ಆದ್ದರಿಂದ ಮೊದಲು ಆ ಗುಂಪಿಗೆ ಒಂದು ರಾಸಾಯನಿಕ ಮುಸುಕು ತೊಡಿಸಿ, ಅಣುವನ್ನು ಒಂದರೊಡನೊಂದು ಸುಲಭವಾಗಿ ಕೂಡಿಕೊಳ್ಳುವ ಎನ್-ಕಾರ್ಬಾಕ್ಸಿ ಅನ್‌ಹೈಡ್ರೈಡ್ ರೂಪಕ್ಕೆ ತಂದು, ಪ್ರತಿ ಕೊಂಡಿ ಸೇರಿದಾಗಲೂ ಇಂಗಾಲದ ಡೈ ಆಕ್ಸೈಡ್ ಹೊರಹೋಗುತ್ತಾ ಸರಪಳಿ ಬೆಳೆಯುವಂತೆ ಮಾಡಿ, ಕೊನೆಗೆ ಮುಸುಕು ತೆಗೆದರು. 1940ರ ದಶಕದ ಕೊನೆಯಲ್ಲಿ ಹೀಗೆ ಪಾಲಿಲೈಸಿನ್ ಸಿದ್ಧವಾಯಿತು. ಇಂದು ಜೀವಕೋಶಗಳು ಅಂಟಿಕೊಳ್ಳಲೆಂದು ನೀವು ಗಾಜಿನ ಸ್ಲೈಡಿಗೆ ಸವರುವುದು ಇದನ್ನೇ. ನೀರಿನಲ್ಲಿ ಅದರ ಉದ್ದಕ್ಕೂ ಧನ ಆವೇಶವಿರುತ್ತದೆ, ಕೋಶದ ಹೊರಮೈಯಲ್ಲಿ ಋಣ ಆವೇಶವಿರುತ್ತದೆ; ಹಾಗಾಗಿ ಹಿಡಿತ ಬರುತ್ತದೆ.

1949ರಲ್ಲಿ ಇಸ್ರೇಲಿನ ರೆಹೊವೋತ್‌ನ ವೈಜ್‌ಮನ್ ಸಂಸ್ಥೆಯಲ್ಲಿ ಅವರು ಜೀವಭೌತ ವಿಜ್ಞಾನ ವಿಭಾಗವನ್ನು ಕಟ್ಟಿದರು. ಪಾಲಿಪ್ರೋಲೀನ್ ಎಂಬ ಇನ್ನೊಂದು ಸರಪಳಿಯು ಎರಡು ಬೇರೆ ಬೇರೆ ಸುರುಳಿಯ ರೂಪಗಳನ್ನು ತಾಳುತ್ತದೆಂಬುದನ್ನು ಈ ಗುಂಪು ತೋರಿಸಿತು. ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಬಿಡಿಸಿದ, ಚರ್ಮ ಮತ್ತು ಮೂಳೆಗಳಲ್ಲಿರುವ ಕೊಲ್ಲಾಜೆನ್ ಎಂಬ ಪ್ರೋಟೀನಿನ ಮೂರೆಳೆಯ ಹುರಿಯಲ್ಲಿ ಒಂದೊಂದು ಎಳೆಯ ತಿರುವೂ ಆ ಎರಡನೆಯ ರೂಪವನ್ನೇ ಹೋಲುತ್ತದೆ. ನಿನ್ನ ಮಾತಿನಲ್ಲಿ ಇದಕ್ಕೆ ಒಂದು ನಿಮಿಷವಾದರೂ ಕೊಡು ಎಂದು ನನ್ನ ಆಸೆ.

ಇನ್ನೊಂದು ಪ್ರಸಂಗವನ್ನಂತೂ ಬಿಡಲೇಬೇಡ. 1961ರಲ್ಲಿ ಅಮೆರಿಕದಲ್ಲಿ ನಿರೆನ್‌ಬರ್ಗ್ ಮತ್ತು ಮಥಾಯ್ ಪ್ರೋಟೀನಿನಲ್ಲಿ ಯಾವ ಅಮೈನೋ ಆಮ್ಲ ಎಲ್ಲಿ ಸೇರಬೇಕೆಂದು ತಿಳಿಸುವ ಆನುವಂಶಿಕ ಸಂಕೇತದ ಮೊದಲ ಪದವನ್ನು ಓದಿದಾಗ, ತಮಗೆ ದೊರೆತದ್ದು ಪಾಲಿಫಿನೈಲಲನೀನ್, ಅಂದರೆ ಫಿನೈಲಲನೀನ್ ಎಂಬ ಒಂದೇ ಅಮೈನೋ ಆಮ್ಲದ ಸರಪಳಿ, ಎಂದು ಖಚಿತಪಡಿಸಿಕೊಳ್ಳಬೇಕಿತ್ತು. ಆದರೆ ಆ ವಸ್ತು ಸಾಮಾನ್ಯ ದ್ರಾವಕಗಳಲ್ಲಿ ಕರಗುವುದೇ ಇಲ್ಲ. ಅಸಿಟಿಕ್ ಆಮ್ಲದಲ್ಲಿ ಹೈಡ್ರೋಜನ್ ಬ್ರೋಮೈಡ್ ಬೆರೆಸಿದರೆ ಕರಗುತ್ತದೆಂದು ತಿಳಿಸಿದವರು ಆಗ ನಿರೆನ್‌ಬರ್ಗ್ ಇದ್ದ ಅಮೆರಿಕದ ಸಂಸ್ಥೆಯಲ್ಲೇ ಕೆಲಸ ಮಾಡುತ್ತಿದ್ದ ಮೈಕಲ್ ಸೇಲಾ, ಕಚಾಲ್ಸ್ಕಿಯವರ ಶಿಷ್ಯ. ಸಂಶ್ಲೇಷಿತ ಸರಪಳಿಗಳೊಂದಿಗೆ ಪಳಗಿದ ಕೈಗಷ್ಟೇ ಗೊತ್ತಿದ್ದ ಸಂಗತಿ ಅದು.

ಈಗ ಕಿಣ್ವಗಳಿಗೆ ಬರುತ್ತೇನೆ. ಕರಗಿದ ಕಿಣ್ವವನ್ನು ಒಮ್ಮೆ ಬಳಸಿದರೆ ಉತ್ಪನ್ನದಿಂದ ಅದನ್ನು ಬೇರ್ಪಡಿಸಿ ಮರಳಿ ಪಡೆಯುವುದು ಬಹಳ ಕಷ್ಟ. ಅದನ್ನು ಕರಗದ ಆಧಾರವೊಂದಕ್ಕೆ ಬಂಧಿಸಿ ಸ್ತಂಭದಲ್ಲಿ, ಅಂದರೆ ನೆಟ್ಟಗೆ ನಿಲ್ಲಿಸಿದ ಕೊಳವೆಯಲ್ಲಿ, ತುಂಬಿ, ಮೇಲಿನಿಂದ ದ್ರಾವಣ ಹರಿಸಿದರೆ ಕಿಣ್ವ ಅಲ್ಲಿಯೇ ಉಳಿದು ಮತ್ತೆ ಮತ್ತೆ ಕೆಲಸ ಮಾಡುತ್ತದೆ. 1960ರಲ್ಲಿ ಬಾರ್-ಎಲಿ ಮತ್ತು ಕಚಾಲ್ಸ್ಕಿ ಪ್ರೋಟೀನನ್ನು ಜೀರ್ಣಿಸುವ ಕಿಣ್ವವಾದ ಟ್ರಿಪ್ಸಿನ್ನನ್ನು ಹಾಗೆ ಬಂಧಿಸಿದ ಸ್ತಂಭವನ್ನು ವರದಿ ಮಾಡಿದರು, ಮತ್ತು ಆ ಆಧಾರವೂ ಅವರೇ ಕಟ್ಟಿದ ಅಮೈನೋ ಆಮ್ಲಗಳ ಸರಪಳಿಯಾಗಿತ್ತು. ಎರಡೂ ಕೆಲಸಗಳು ಒಂದೇ ಬೇರಿನವು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಸೊಗಸಾದದ್ದು ಗೋಲ್ಡ್‌ಸ್ಟೈನ್, ಲೆವಿನ್ ಅವರೊಡನೆ 1964ರಲ್ಲಿ ಪ್ರಕಟಿಸಿದ ಕೆಲಸ. ಋಣ ಆವೇಶ ತುಂಬಿದ ಆಧಾರಕ್ಕೆ ಟ್ರಿಪ್ಸಿನ್ನನ್ನು ಬಂಧಿಸಿದಾಗ, ಅದು ಅತ್ಯಂತ ಚುರುಕಾಗಿರುವ ಪಿಎಚ್ (ದ್ರಾವಣ ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬುದರ ಅಳತೆ) ಸುಮಾರು ಎರಡೂವರೆಯಷ್ಟು ಕ್ಷಾರದ ಕಡೆಗೆ ಸರಿದಿತ್ತು. ಮೇಲ್ನೋಟಕ್ಕೆ ಕಿಣ್ವವೇ ಬದಲಾದಂತೆ ಕಾಣುತ್ತದೆ, ಆದರೆ ಬದಲಾದದ್ದು ಅದರ ನೆರೆಹೊರೆ. ಋಣ ಆವೇಶವು ಆಮ್ಲತೆಗೆ ಕಾರಣವಾದ ಹೈಡ್ರೋಜನ್ ಅಯಾನುಗಳನ್ನು ಹತ್ತಿರಕ್ಕೆ ಸೆಳೆಯುವುದರಿಂದ ಕಿಣ್ವದ ಸುತ್ತಲಿನ ಪಿಎಚ್, ನಾವು ಹೊರಗೆ ಅಳೆಯುವ ಪಿಎಚ್‌ಗಿಂತ ಕಡಿಮೆಯಿರುತ್ತದೆ; ಹೊರಗಿನ ದ್ರಾವಣವನ್ನು ಅಷ್ಟು ಕ್ಷಾರೀಯಗೊಳಿಸಿದಾಗಲೇ ಒಳಗೆ ಅದಕ್ಕೆ ಹಿತವಾದ ಸ್ಥಿತಿ ಒದಗುತ್ತದೆ. ದ್ರಾವಣದಲ್ಲಿ ಲವಣದ ಪ್ರಮಾಣ ಹೆಚ್ಚಿಸಿದರೆ ಅದರ ಅಯಾನುಗಳು ಆಧಾರದ ಆವೇಶವನ್ನು ಮರೆಮಾಡುವುದರಿಂದ ಪಿಎಚ್‌ನ ಈ ಸರಿಯುವಿಕೆ ಕುಗ್ಗುತ್ತದೆ, ಮತ್ತು ವಿವರಣೆ ಸರಿಯೆಂಬುದಕ್ಕೆ ಅದೇ ಸಾಕ್ಷಿ. ಜೀವಕೋಶದೊಳಗೆ ಪೊರೆಗಳಿಗೆ ಅಂಟಿಕೊಂಡೇ ದುಡಿಯುವ ಕಿಣ್ವಗಳನ್ನು ನೆನೆಸಿಕೊಂಡರೆ ಇದರ ಬೆಲೆ ತಿಳಿಯುತ್ತದೆ.

ಕೈಗಾರಿಕೆಯ ಭಾಗವನ್ನು ಚುಟುಕಾಗಿ ಮುಗಿಸಬಹುದು: 1969ರಲ್ಲಿ ಜಪಾನಿನ ತನಾಬೆ ಕಂಪನಿಯಲ್ಲಿ ಚಿಬಾತಾ ಅವರ ತಂಡ ಬಂಧಿತ ಕಿಣ್ವದಿಂದ ಅಮೈನೋ ಆಮ್ಲಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿತು, ಆಮೇಲೆ ಮೆಕ್ಕೆಜೋಳದ ಸಿಹಿಪಾಕಕ್ಕೂ ಪೆನಿಸಿಲಿನ್ ಬಗೆಯ ಔಷಧಿಗಳಿಗೂ ಈ ವಿಧಾನ ಬಂತು. 1985ರಲ್ಲಿ ಮೊದಲ ಬಾರಿ ಜಪಾನ್ ಪ್ರಶಸ್ತಿ ಕೊಟ್ಟಾಗ ಅದನ್ನು ಪಡೆದವರಲ್ಲಿ ಕಟ್ಸೀರ್ ಒಬ್ಬರು, ಅದೂ ಬಂಧಿತ ಕಿಣ್ವಗಳ ಕೆಲಸಕ್ಕಾಗಿ. ಸೇಲಾ, ರೂತ್ ಆರ್ನನ್ ಮತ್ತು ದ್ವೋರಾ ಟೈಟೆಲ್‌ಬಾಮ್ ನಾಲ್ಕು ಅಮೈನೋ ಆಮ್ಲಗಳಿಂದ ಕಟ್ಟಿದ ಸರಪಳಿ 1996ರಲ್ಲಿ ಅಮೆರಿಕದಲ್ಲಿ ನರಮಂಡಲದ ಕಾಯಿಲೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕೋಪಾಕ್ಸೋನ್ ಎಂಬ ಔಷಧಿಯಾಗಿ ಅನುಮತಿ ಪಡೆಯಿತು. ಅದು ಗುರುವಿನ ಸರಪಳಿಗಳ ಹಾದಿಯಲ್ಲೇ ಬಂದದ್ದು.

ಭಾವನವರ ಸಂದೇಹಕ್ಕೆ ಉತ್ತರವಾಗಿ ಇಷ್ಟು ಹೇಳುತ್ತೇನೆ. 1972ರ ಮೇ 30ರಂದು ಇಸ್ರೇಲಿನ ಲೋದ್ ವಿಮಾನ ನಿಲ್ದಾಣದ ದಾಳಿಯಲ್ಲಿ ಅವರ ಅಣ್ಣ, ತಾವೂ ದೊಡ್ಡ ವಿಜ್ಞಾನಿಯಾಗಿದ್ದ ಅಹರೋನ್, ಹತರಾದರು. ಮರುವರ್ಷ ಎಫ್ರಾಯಿಮ್ ಅಧ್ಯಕ್ಷರಾದರು, 1978ರವರೆಗೆ ಆ ಹುದ್ದೆಯಲ್ಲಿದ್ದು ಮತ್ತೆ ಸಂಶೋಧನೆಗೆ ಮರಳಿದರು. 1992ರಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ, ಎರಡು ಪ್ರೋಟೀನುಗಳ ಮೇಲ್ಮೈಗಳು ಹೇಗೆ ಹೊಂದಿಕೊಳ್ಳುತ್ತವೆಂದು ಕಂಪ್ಯೂಟರಿನಲ್ಲಿ ಲೆಕ್ಕಹಾಕುವ ವಿಧಾನವನ್ನು ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದರು. ಹೆಸರಿಗಷ್ಟೇ ವಿಜ್ಞಾನಿಯಾದವರು ಆ ವಯಸ್ಸಿನಲ್ಲಿ ಹೊಸ ವಿದ್ಯೆಗೆ ಕೈಹಾಕುವುದಿಲ್ಲ, ಭಾವ.

ಪುಟ್ಟಿ, 1964ರ ಆ ಪಿಎಚ್ ರೇಖಾಚಿತ್ರವನ್ನು ಸ್ಲೈಡಿನಲ್ಲಿ ಹಾಕದೆ, ಹಲಗೆಯ ಮೇಲೆ ನಿನ್ನ ಕೈಯಿಂದಲೇ ಬಿಡಿಸಿ ವಿವರಿಸು. ಭಾನುವಾರ ಸಂಜೆ ಕರೆ ಮಾಡು, ಒಮ್ಮೆ ನನ್ನ ಮುಂದೆ ಹೇಳಿ ನೋಡುವೆಯಂತೆ.