3 ಕ್ರೆಡಿಟ್ ಕೋರ್ಸಿಗೆ ಲ್ಯಾಬ್ ಸೇರಿಸುವ ಪ್ರಸ್ತಾವ: ಅಧ್ಯಯನ ಮಂಡಳಿಯಿಂದ ಮುಂದೆ ಏನೇನು ಬೇಕು?

ಸರಾಸರಿ:
ಪದವಿಯ ಮೂರನೇ ಸೆಮಿಸ್ಟರಿನ ಸಂಖ್ಯಾಶಾಸ್ತ್ರ ಕೋರ್ಸು ಈಗ 3-0-0 (ವಾರಕ್ಕೆ ಪಾಠ-ಟ್ಯುಟೋರಿಯಲ್-ಲ್ಯಾಬ್ ಗಂಟೆಗಳು). ಅದನ್ನು 3-0-2 ಮಾಡಬೇಕು, ಹೆಸರನ್ನು ‘ದತ್ತಾಂಶ ವಿಶ್ಲೇಷಣೆ’ ಎಂದು ಬದಲಿಸಬೇಕು, ಎರಡನೇ ಸೆಮಿಸ್ಟರಿನ ಗಣಿತವನ್ನು ಪೂರ್ವಾಪೇಕ್ಷಿತ (ಇದಕ್ಕೆ ಮೊದಲು ಓದಿರಬೇಕಾದ ಕೋರ್ಸು) ಮಾಡಬೇಕು. ವಿಭಾಗದ ಸಭೆ ಒಪ್ಪಿದೆ. ಇನ್ನು ಅಧ್ಯಯನ ಮಂಡಳಿ, ನಿಕಾಯ (ಸಂಬಂಧಿತ ವಿಭಾಗಗಳ ಕೂಟ), ವಿದ್ಯಾವಿಷಯಕ ಪರಿಷತ್ತು ಒಪ್ಪಬೇಕು. ಮೂರೂ ಕಡೆಗೆ ಒಂದೇ ಕಡತ ಸಾಕೇ? ಸಾಮಾನ್ಯವಾಗಿ ಯಾವ ಕಾರಣಕ್ಕೆ ವಾಪಸ್ ಬರುತ್ತದೆ?

ಕಾರ್ಯಸೂಚಿ:
ಕಡತ ಒಂದೇ, ಕೇಳುವ ಪ್ರಶ್ನೆ ಬೇರೆ. ಅಧ್ಯಯನ ಮಂಡಳಿ ನೋಡುವುದು ವಿಷಯವನ್ನು: ಘಟಕಗಳು, ಪಠ್ಯಪುಸ್ತಕ, ಕಲಿಕಾ ಫಲಿತಗಳಿಗೂ ಪರೀಕ್ಷೆಗೂ ತಾಳೆ ಇದೆಯೇ ಎಂದು. ನಿಕಾಯ ನೋಡುವುದು ಅಕ್ಕಪಕ್ಕದ ವಿಭಾಗಗಳನ್ನು. ಪರಿಷತ್ತಿಗೆ ಬೇಕಿರುವುದು ಪದವಿಯ ನಿಯಮ ಮತ್ತು ಒಟ್ಟು ಕ್ರೆಡಿಟ್ಟು. ಅಲ್ಲಿ ನಿಮ್ಮ ಮೂರನೇ ಘಟಕವನ್ನು ಯಾರೂ ಓದುವುದಿಲ್ಲ.

ಮೊದಲ ಪುಟದಲ್ಲೇ ಮೂರು ಕಾಲಮ್ಮಿನ ಪಟ್ಟಿ ಹಾಕಿ: ಈಗಿರುವುದು, ಆಗಬೇಕಾದ್ದು, ಕಾರಣ. ಕಾರಣದಲ್ಲಿ ‘ಇಂದಿನ ಅಗತ್ಯಕ್ಕೆ ತಕ್ಕಂತೆ’ ಎಂದು ಬರೆದರೆ ಬರೆಯದಿದ್ದ ಹಾಗೆಯೇ. ‘ಐದನೇ ಸೆಮಿಸ್ಟರಿನ ಪ್ರಾಜೆಕ್ಟಿಗೆ ತಂತ್ರಾಂಶ ಬಳಸಲು ಬರಬೇಕು, ಅದನ್ನು ಈಗ ಎಲ್ಲೂ ಕಲಿಸುತ್ತಿಲ್ಲ’ ಎಂದರೆ ಚರ್ಚೆ ಬೇಗ ಮುಗಿಯುತ್ತದೆ.

ನಿಮ್ಮ ಪ್ರಸ್ತಾವದಲ್ಲಿ ಸಿಕ್ಕಿಬೀಳುವುದು ಹೆಸರು. ‘ದತ್ತಾಂಶ ವಿಶ್ಲೇಷಣೆ’ ಎಂದ ಕೂಡಲೇ ಗಣಕ ವಿಜ್ಞಾನದವರು, ವಾಣಿಜ್ಯದವರು ಎದ್ದು ನಿಲ್ಲುತ್ತಾರೆ. ನಿಕಾಯದ ಸಭೆಗೆ ಮೊದಲೇ ಅವರಿಂದ ಲಿಖಿತ ಅಭಿಪ್ರಾಯ ತಂದು ಕಡತಕ್ಕೆ ಲಗತ್ತಿಸಿ.

ಗಂಟೆಲೆಕ್ಕ:
ವಾಪಸ್ ಬರುವ ಕಡತಗಳಲ್ಲಿ ಹೆಚ್ಚಿನವು ಕೂಡಿಸುವಿಕೆಯಲ್ಲಿ ತಪ್ಪಿದವು. ವಾರಕ್ಕೆ 1 ಗಂಟೆ ಪಾಠಕ್ಕೆ 1 ಕ್ರೆಡಿಟ್, 2 ಗಂಟೆ ಲ್ಯಾಬಿಗೆ 1 ಕ್ರೆಡಿಟ್ ಎಂಬ ಲೆಕ್ಕದಲ್ಲಿ 3-0-2 ಎಂದರೆ 4 ಕ್ರೆಡಿಟ್. ಸೆಮಿಸ್ಟರಿಗೆ 15 ವಾರ ಹಿಡಿದರೆ ಪಾಠ 45 ಗಂಟೆ, ಲ್ಯಾಬ್ 30. ಘಟಕಗಳ ಎದುರು ಬರೆದ ಗಂಟೆಗಳು ಕೂಡಿದರೆ 45 ಬರಬೇಕು. ಹಳೆಯ ಘಟಕಗಳನ್ನು ಹಾಗೇ ಇಟ್ಟು ಹೊಸದೊಂದನ್ನು ಅಂಟಿಸಿದಾಗ ಅದು 52 ಆಗಿರುತ್ತದೆ.

ಇನ್ನು ಕಾರ್ಯಭಾರ. ವಿದ್ಯಾರ್ಥಿಯ ವೇಳಾಪಟ್ಟಿಯಲ್ಲಿ ಹೆಚ್ಚುವುದು 2 ಗಂಟೆ. ಆದರೆ 60 ಜನರ ತರಗತಿಯನ್ನು 20ರಂತೆ ಮೂರು ಬ್ಯಾಚ್ ಮಾಡಿದರೆ ಬೋಧಕರ ಕಡೆ ಹೆಚ್ಚುವುದು 6 ಗಂಟೆ. 3 ಇದ್ದದ್ದು 9 ಆಯಿತು. ಇಂಥ ಎರಡು ಸೆಕ್ಷನ್‌ಗಳಿದ್ದರೆ 18. ಇದನ್ನು ಯಾರು ತೆಗೆದುಕೊಳ್ಳುತ್ತಾರೆ, ಲ್ಯಾಬ್ ಯಾವ ಹೊತ್ತಿಗೆ ಖಾಲಿ ಇರುತ್ತದೆ ಎಂಬುದನ್ನು ನೀವೇ ಬರೆಯಿರಿ, ಕೇಳುವವರೆಗೆ ಕಾಯಬೇಡಿ. ಒಂದು ಕ್ರೆಡಿಟ್ ಹೆಚ್ಚಿದ್ದಕ್ಕೆ ಎಲ್ಲಿ ಕಡಿತ, ಅಥವಾ ಪದವಿಯ ಗರಿಷ್ಠ ಮಿತಿಯೊಳಗೆ ಹೇಗೆ ಉಳಿಯುತ್ತದೆ, ಅದೂ ಬೇಕು.

ಸರಾಸರಿ:
ಧನ್ಯವಾದ. ಕೋರ್ಸಿನ ಹಳೆಯ ಕೋಡನ್ನೇ ಮುಂದುವರಿಸಬಹುದಲ್ಲವೇ? ಪೂರ್ವಾಪೇಕ್ಷಿತವನ್ನು ‘ಗಣಿತದಲ್ಲಿ ಉತ್ತೀರ್ಣರಾಗಿರಬೇಕು’ ಎಂದು ಬರೆದಿದ್ದೇವೆ.

ಬಾಕಿ_ವಿಷಯ:
ಎರಡೂ ಬೇಡ. ಕ್ರೆಡಿಟ್ ಬದಲಾದ ಮೇಲೆ ಕೋಡ್ ಹೊಸದೇ ಆಗಬೇಕು. ಇಲ್ಲದಿದ್ದರೆ ಒಂದೇ ಕೋಡಿಗೆ ಒಬ್ಬನ ಅಂಕಪಟ್ಟಿಯಲ್ಲಿ 3, ಇನ್ನೊಬ್ಬನದರಲ್ಲಿ 4. ಪರೀಕ್ಷಾ ವಿಭಾಗದ ತಂತ್ರಾಂಶ ಹಳಬರ ಸರಾಸರಿಯನ್ನೂ ಕೆಡಿಸಬಹುದು. ಹಳೆಯ ಪತ್ರಿಕೆಯಲ್ಲಿ ಫೇಲಾದವರಿಗೆ ಹೊಸದನ್ನು ಬರೆಸಿದರೆ ಅವರಿಗೆ ಲ್ಯಾಬ್ ಅಂಕ ಎಲ್ಲಿಂದ ತರುತ್ತೀರಿ? ಹಳೆಯ ಪತ್ರಿಕೆಯ ಪರೀಕ್ಷೆ ಎಷ್ಟು ಸಲ ನಡೆಯುತ್ತದೆ, ಆಮೇಲೆ ಯಾವುದು ಸಮಾನ ಎಂದು ಒಂದು ಸಮಾನತಾ ಪಟ್ಟಿ ಕೊಡಿ.

‘ಉತ್ತೀರ್ಣ’ ಎಂಬ ಪದ ಅಪಾಯದ್ದು. ಮೂರನೇ ಸೆಮಿಸ್ಟರಿನ ನೋಂದಣಿ ಹೊತ್ತಿಗೆ ಎರಡನೆಯದರ ಫಲಿತಾಂಶ ಬಂದಿರದಿದ್ದರೆ ಇಡೀ ತರಗತಿ ಬಾಗಿಲಲ್ಲಿ ನಿಂತಿರುತ್ತದೆ. ‘ನೋಂದಾಯಿಸಿ, ಹಾಜರಾತಿ ಪೂರೈಸಿರಬೇಕು’ ಎಂದರೆ ಸಾಕು. ಐಚ್ಛಿಕವಾಗಿ ಇದನ್ನು ತೆಗೆದುಕೊಳ್ಳುವ ಬೇರೆ ಪದವಿಯವರು ಆ ಗಣಿತ ಓದಿಯೇ ಇರುವುದಿಲ್ಲ, ಅವರಿಗೆ ಪರ್ಯಾಯ ಹೇಳಿ. ಹಳೆಯ ಕೋಡನ್ನು ಎಲ್ಲಾ ಪದವಿಗಳ ಕೈಪಿಡಿಗಳಲ್ಲಿ ಹುಡುಕಿ. ಅದನ್ನು ಪೂರ್ವಾಪೇಕ್ಷಿತ ಮಾಡಿಕೊಂಡ ಕೋರ್ಸು ಎಲ್ಲೋ ಒಂದು ಇದ್ದೇ ಇರುತ್ತದೆ.

ಕಾರ್ಯಸೂಚಿ:
ಒಂದು ಬಿಟ್ಟುಹೋಯಿತು. ಮಂಡಳಿಯ ನಡಾವಳಿಯಲ್ಲಿ ‘ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ ಒಪ್ಪಲಾಯಿತು’ ಎಂದು ಬಂದರೆ ಸುಮ್ಮನಿರಬೇಡಿ. ಯಾವ ತಿದ್ದುಪಡಿ ಎಂದು ಆರು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ. ತಿದ್ದಿದ ಪ್ರತಿಯ ಪ್ರತಿ ಪುಟಕ್ಕೂ ದಿನಾಂಕ, ಅಧ್ಯಕ್ಷರ ಸಹಿ ಹಾಕಿಸಿ, ನಡಾವಳಿಗೆ ಅನುಬಂಧವಾಗಿ ಸೇರಿಸಿ.

ಜಾರಿಯ ಸಾಲನ್ನೂ ನೋಡಿಕೊಳ್ಳಿ. ‘ಮುಂದಿನ ಶೈಕ್ಷಣಿಕ ವರ್ಷದಿಂದ’ ಎಂದರೆ ಈಗ ಮೊದಲ ವರ್ಷದಲ್ಲಿ ಇರುವವರಿಗೂ ಅನ್ವಯ. ‘ಮುಂದಿನ ವರ್ಷ ಪ್ರವೇಶ ಪಡೆಯುವವರಿಗೆ’ ಎಂದರೆ ಈ ಲ್ಯಾಬ್ ಶುರುವಾಗುವುದು ಅದರ ಮರುವರ್ಷ. ಕಂಪ್ಯೂಟರ್ ಖರೀದಿ ಇನ್ನೂ ಆಗಿಲ್ಲದಿದ್ದರೆ ಎರಡನೆಯದನ್ನೇ ಬರೆಸಿ.