ನುನಾಕಾಮ್ ಫಾಂಟಿನ ಹಳೇ ಫೈಲು: ಯೂನಿಕೋಡ್‌ಗೆ ತಂದರೆ ಅಕ್ಷರ ತಪ್ಪು ಬರುತ್ತಿದೆ

ಗೀಚುಗಾರ:
ನಮಸ್ಕಾರ. ಕೆನಡಾದ ನುನಾವುಟ್ ಕಡೆಯ ಹಳೇ ಸುದ್ದಿಪತ್ರವೊಂದರ ವರ್ಡ್ ಫೈಲು ನನ್ನ ಹತ್ತಿರ ಇದೆ. ಇನುಯಿಟ್ ಜನರ ಇನುಕ್ಟಿಟುಟ್ ಭಾಷೆ, ನಡುನಡುವೆ ಇಂಗ್ಲಿಷ್ ಹೆಸರುಗಳು. ಆ ಭಾಷೆಯ ಲಿಪಿ ಸಿಲಾಬಿಕ್ಸ್, ಒಂದೊಂದು ಉಚ್ಚಾರಕ್ಕೆ ಒಂದೊಂದು ಚಿಹ್ನೆ. ಅದರ ಹಳೇ ಫಾಂಟ್ ನುನಾಕಾಮ್ ಹಾಕಿದರೆ ತ್ರಿಕೋನ, ಕೊಕ್ಕೆ ಎಲ್ಲ ಸರಿಯಾಗಿ ಕಾಣುತ್ತದೆ. ಬ್ರೌಸರ್‌ಗೆ ಅಂಟಿಸಿದರೆ ಬರೀ ಇಂಗ್ಲಿಷ್ ಅಕ್ಷರ, ಅಂಕಿ. ಟೆಕ್ಸ್ಟ್ ಫೈಲಾಗಿ ಉಳಿಸಿ, ಪಟ್ಟಿ ನೋಡಿ ಬದಲಿಸುವ ಪೈಥಾನ್ ಸ್ಕ್ರಿಪ್ಟ್ ಬರೆದೆ. ‘ನುನಾವುಟ್’ ಪದದಲ್ಲೇ ‘ನಾ’ ಜಾಗಕ್ಕೆ ಇನ್ನೇನೋ, ‘ವು’ ಜಾಗಕ್ಕೆ ಮತ್ತೆ ‘ನು’ ಬರುತ್ತಿದೆ. ಇಂಗ್ಲಿಷ್ ಹೆಸರುಗಳೂ ಸಿಲಾಬಿಕ್ಸ್ ಆಗಿಬಿಟ್ಟಿವೆ. ಯೂನಿಕೋಡ್‌ನ (ಎಲ್ಲ ಲಿಪಿಗೂ ಬೇರೆ ಬೇರೆ ಕೋಡು ಕೊಡುವ ಪದ್ಧತಿಯ) ಯುಟಿಎಫ್-8 ರೂಪದಲ್ಲೇ ಉಳಿಸಿದ್ದೇನೆ.

ಲಿಪಿಲೋಲ:
ಯುಟಿಎಫ್-8ರ ತಪ್ಪಲ್ಲ. ಸ್ಕ್ರಿಪ್ಟ್‌ನಲ್ಲಿ ಎಲ್ಲೋ ಅಕ್ಷರಗಳನ್ನೆಲ್ಲ ಸ್ಮಾಲ್ ಮಾಡುವ ‘ಲೋಯರ್’ ಕರೆದಿದ್ದೀರಿ ಅಲ್ವಾ? ನುನಾಕಾಮ್‌ನಲ್ಲಿ ‘ನುನಾವುಟ್’ ಅಂದರೆ ಸ್ಮಾಲ್ ಕೆ, ಕ್ಯಾಪಿಟಲ್ ಎನ್, ಕ್ಯಾಪಿಟಲ್ ಕೆ, ಕೊನೆಗೆ 5. ಸ್ಮಾಲ್ ಕೆ ‘ನು’, ಕ್ಯಾಪಿಟಲ್ ಕೆ ‘ವು’. ಎಲ್ಲ ಸ್ಮಾಲ್ ಮಾಡಿದ ಕ್ಷಣ ‘ವು’ ಹೋಯಿತು. ಆಮೇಲೆ ಯಾವ ಪಟ್ಟಿ ಇಟ್ಟರೂ ವಾಪಸ್ ಬರಲ್ಲ. ಮೂಲ ಫೈಲಿಂದಲೇ ಶುರು ಮಾಡಿ.

ಎರಡನೆಯದು, ಟೆಕ್ಸ್ಟ್ ಫೈಲ್ ಮಾಡಲೇಬೇಡಿ. ನಮ್ಮ ‘ನುಡಿ’, ‘ಬರಹ’ ತಂತ್ರಾಂಶಗಳ ಹಳೇ ಫೈಲುಗಳ ಗೋಳೇ ಇಲ್ಲೂ. ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಕೋಡು, ಮೇಲೆ ಬೇರೆ ಚಿತ್ರ. ಯಾವ ಚಿತ್ರ ಅಂತ ಹೇಳುವುದು ಫಾಂಟಿನ ಹೆಸರು ಮಾತ್ರ. ಅದನ್ನೇ ಕಳೆದುಕೊಂಡರೆ ಯಾವುದು ಇಂಗ್ಲಿಷ್, ಯಾವುದು ಇನುಕ್ಟಿಟುಟ್ ಅಂತ ಗೊತ್ತಾಗುವುದು ಹೇಗೆ? ವರ್ಡ್‌ನ ಡಾಕ್ಸ್ ಫೈಲನ್ನು ರನ್ ರನ್ ಆಗಿ (ಒಂದೇ ಫಾಂಟ್, ಒಂದೇ ಅಲಂಕಾರ ಇರುವ ತುಂಡು ತುಂಡಾಗಿ) ಓದಿ, ಫಾಂಟ್ ನುನಾಕಾಮ್ ಇದ್ದರಷ್ಟೇ ಬದಲಿಸಿ.

ಯೂನಿಕೋಡ್‌ನಲ್ಲಿ ಈ ಲಿಪಿಗೆ 1400ರಿಂದ ಶುರುವಾಗಿ 640 ಜಾಗ ಇದೆ (ಕೋಡುಗಳೆಲ್ಲ ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ). ಬಂದದ್ದು 1999ರಲ್ಲಿ, 3.0 ಆವೃತ್ತಿಯಲ್ಲಿ. ನುನಾವುಟ್ ಹುಟ್ಟಿದ್ದೂ ಅದೇ ವರ್ಷ. ‘ವು’ 1557, ‘ನು’ 14ಸಿ4. ಕ್ಯಾಪಿಟಲ್, ಸ್ಮಾಲ್ ಗೊಡವೆ ಅಲ್ಲಿ ಇಲ್ಲ.

ಗೀಚುಗಾರ:
‘ಲೋಯರ್’ ತೆಗೆದೆ, ‘ವು’ ಬಂತು! ಆದರೆ ಡಾಕ್ಸ್ ಓದುವ ಪೈಥಾನ್-ಡಾಕ್ಸ್ ಲೈಬ್ರರಿಯಲ್ಲಿ ಫಾಂಟ್ ಹೆಸರು ಕೇಳಿದರೆ ಎಷ್ಟೋ ಕಡೆ ‘ನನ್’ (ಏನೂ ಇಲ್ಲ) ಅಂತ ಬರುತ್ತದೆ.

ಲಿಪಿಲೋಲ:
ರನ್ ಮೇಲೆ ನೇರವಾಗಿ ಹಾಕದಿದ್ದರೆ ಹಾಗೇ ಬರುತ್ತದೆ. ಪ್ಯಾರಾದ ಸ್ಟೈಲ್ ನೋಡಿ, ಅಲ್ಲೂ ಇಲ್ಲದಿದ್ದರೆ ಅದರ ಮೂಲ ಸ್ಟೈಲ್. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ.

ಒತ್ತಕ್ಷರ:
ನಡುವೆ ಬಾಯಿ ಹಾಕುತ್ತಿದ್ದೇನೆ. ದೀರ್ಘ ಸ್ವರಕ್ಕೆ ಅಕ್ಷರದ ಮೇಲೆ ಬರುವ ಚುಕ್ಕಿ ನೋಡಿಕೊಳ್ಳಿ. ಕನ್ನಡದ ‘ಪಿ’ ಒಳಗೆ ‘ಪ’ ಒಂದು, ಗುಡಿಸು ಒಂದು, ಹೀಗೆ ಎರಡು ಕೋಡು. ಇಲ್ಲಿ ಹಾಗಲ್ಲ. ‘ಪಿ’ 1431, ಚುಕ್ಕಿ ಇರುವ ‘ಪೀ’ 1432, ‘ಪು’ 1433, ‘ಪ’ 1438. ‘ಪಿ’, ‘ಪು’, ‘ಪ’ ಒಂದೇ ಆಕಾರ ತಿರುಗಿಸಿದ್ದು ಅನ್ನುವುದು ಕಣ್ಣಿಗೆ ಮಾತ್ರ, ಕಂಪ್ಯೂಟರ್‌ಗೆ ಗೊತ್ತಿಲ್ಲ. 1431ರ ಮೇಲೆ ಬೇರೆ ಚುಕ್ಕಿ ಕೂರಿಸಿದರೆ ನೋಡಲು ‘ಪೀ’ ಥರ ಇರಬಹುದು, ಹುಡುಕಿದರೆ ಸಿಗಲ್ಲ. ನಾರ್ಮಲೈಸ್ (ಬಿಡಿ ಕೋಡುಗಳನ್ನು ಜೋಡಿಸಿ ಒಂದೇ ರೂಪಕ್ಕೆ ತರುವುದು) ಮಾಡಿದರೂ ಅವೆರಡು ಸೇರಿ 1432 ಆಗಲ್ಲ. ಪಟ್ಟಿಯಲ್ಲೇ ನೇರವಾಗಿ 1432 ಕೊಡಿ.

ಗೀಚುಗಾರ:
ಅದನ್ನೂ ತಿದ್ದಿದೆ, ಹುಡುಕಿದರೆ ಸಿಗುತ್ತಿದೆ. ಫೋನಿನಲ್ಲಿ ಮಾತ್ರ ಚೌಕ ಚೌಕ.

ಒತ್ತಕ್ಷರ:
ಅಲ್ಲಿ ಫಾಂಟ್ ಇಲ್ಲ ಅಷ್ಟೇ, ಡೇಟಾ ಸರಿ ಇದೆ. ವಿಂಡೋಸ್‌ನಲ್ಲಿ ಗಡುಗಿ ಫಾಂಟ್ ಇದೆ. ವೆಬ್ ಪುಟಕ್ಕೆ ನೋಟೋ ಸಾನ್ಸ್ ಕೆನಡಿಯನ್ ಅಬೊರಿಜಿನಲ್ ಫಾಂಟ್ ಸೇರಿಸಿಬಿಡಿ.