ವಲಸೆ ಬಂದವರೇ ಹೆಚ್ಚು ಆರೋಗ್ಯವಾಗಿದ್ದಾರಂತೆ! ನನ್ನ ಡೇಟಾ ಹೀಗೇಕೆ ಹೇಳುತ್ತಿದೆ?

ಫೀಲ್ಡ್‌ಬುಕ್:

ನಮಸ್ಕಾರ. ವಲಸೆ, ಓದು, ಆರೋಗ್ಯ ಈ ಮೂರರ ನಂಟಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಕಟ್ಟಡ ಕೆಲಸಕ್ಕೆ ಹೊರಗಿನಿಂದ ಬಂದು ಸೈಟಿನ ಶೆಡ್‌ಗಳಲ್ಲಿ ಇರುವವರನ್ನು ಮಾತನಾಡಿಸಿದ್ದೇನೆ. ಅಲ್ಲೇ ಹುಟ್ಟಿ ಬೆಳೆದು ಅದೇ ಗಾರೆ ಕೆಲಸ ಮಾಡುವವರನ್ನೂ ಮಾತನಾಡಿಸಿದ್ದೇನೆ. ಪ್ರಶ್ನಾವಳಿ ಇಬ್ಬರಿಗೂ ಒಂದೇ.

ಶೆಡ್‌ನವರ ಆರೋಗ್ಯ ಕೆಟ್ಟಿರುತ್ತದೆ ಅಂತಲೇ ಅಂದುಕೊಂಡಿದ್ದೆ. ಸರಿಯಾದ ನೀರಿಲ್ಲ, ಶೌಚಾಲಯ ಇಲ್ಲ, ಹಗಲೆಲ್ಲ ಸಿಮೆಂಟ್ ಧೂಳು, ರಾತ್ರಿಯೆಲ್ಲ ಸೊಳ್ಳೆ. ಲೆಕ್ಕ ಹಾಕಿದರೆ ಉಲ್ಟಾ ಬಂದಿದೆ. "ಕಳೆದ ತಿಂಗಳು ಏನಾದರೂ ಕಾಯಿಲೆ ಆಗಿತ್ತಾ?" ಎಂದು ಕೇಳಿದಾಗ ಹೌದು ಎಂದವರು ಸ್ಥಳೀಯರಲ್ಲೇ ಜಾಸ್ತಿ. ಇನ್ನೊಂದು ವಿಚಿತ್ರ ಎಂದರೆ, ಹತ್ತನೇ ಕ್ಲಾಸಿನವರೆಗೆ ಓದಿದವರು ಶಾಲೆಯ ಮೆಟ್ಟಿಲೇ ಹತ್ತದವರಿಗಿಂತ ಜಾಸ್ತಿ ಕಾಯಿಲೆ ಹೇಳಿಕೊಂಡಿದ್ದಾರೆ. ಒಂದೇ ವಯಸ್ಸಿನವರನ್ನು ಹೋಲಿಸಿದರೂ ಹಾಗೇ ಇದೆ.

ಕಂಬಿ ಕಟ್ಟುವ ಒಬ್ಬರು ನನ್ನ ಜೊತೆ ಕೂತಷ್ಟು ಹೊತ್ತೂ ಕೆಮ್ಮುತ್ತಿದ್ದರು. ಕಾಯಿಲೆ ಇದೆಯಾ ಎಂದರೆ "ಏನಿಲ್ಲ ಮೇಡಂ, ಆರಾಮಾಗಿದ್ದೀನಿ" ಎಂದರು. ಅವರು ಹೇಳಿದ್ದನ್ನೇ ಬರೆಯಬೇಕಲ್ಲ, ಬರೆದೆ.

ಸ್ಯಾಂಪಲ್ ಸರಿ ಇಲ್ಲ, ಇದನ್ನು ಬಿಟ್ಟು ಹೊಸದಾಗಿ ಮಾಡು ಎನ್ನುತ್ತಾರೆ ನನ್ನ ಗೈಡ್. ನನಗೆ ಹಾಗನ್ನಿಸುತ್ತಿಲ್ಲ. ಅಂದುಕೊಂಡದ್ದು ಬರಲಿಲ್ಲ ಅಂತ ಬಿಸಾಡುವುದಾದರೆ ಸುಮ್ನೆ ಯಾಕೆ ಕೇಳಲು ಹೋಗಬೇಕು, ಅಲ್ವಾ? ಇಂಥದ್ದು ನಿಮಗ್ಯಾರಿಗಾದರೂ ಎದುರಾಗಿದೆಯಾ?

ಎಣಿಕೆದಾರ:

ದಯವಿಟ್ಟು ಬಿಸಾಡಬೇಡಿ. ನಿಮಗೆ ಸಿಕ್ಕಿರುವುದು ತುಂಬ ಹಳೆಯ ಒಗಟು. ಅಮೆರಿಕದ ಹಿಸ್ಪಾನಿಕ್ ಜನರ (ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದವರ) ಬಗ್ಗೆ 1986ರಲ್ಲೇ ಮಾರ್ಕಿಡಿಸ್ ಮತ್ತು ಕೊರೀಲ್ ಎಂಬ ಸಂಶೋಧಕರು ಇದನ್ನು ಬರೆದರು. ಆ ಜನರಲ್ಲಿ ಹಣ ಕಡಿಮೆ, ಓದು ಕಡಿಮೆ. ಆದರೂ ಆರೋಗ್ಯದ ಹಲವು ಅಳತೆಗಳಲ್ಲಿ ಅವರು ಬಿಳಿಯರ ಹತ್ತಿರ ಹತ್ತಿರವೇ ಇದ್ದರು. ಆಗ ಶುರುವಾದ ಜಗಳ ಇನ್ನೂ ಮುಗಿದಿಲ್ಲ.

ಶೆಡ್ಡಿನಲ್ಲಿ ನಿಮ್ಮ ಕೈಗೆ ಸಿಗುವವರು ಎರಡು ಜರಡಿ ದಾಟಿ ಉಳಿದವರು. ಊರು ಬಿಡುವಾಗ ಒಂದು. ಮನೆಯಲ್ಲಿ ಮೂವರು ಅಣ್ಣತಮ್ಮಂದಿರಿದ್ದರೆ ರೈಲು ಹತ್ತುವವನು ಗಟ್ಟಿಮುಟ್ಟಾದವನು, ಬೆನ್ನು ಹಿಡಿದುಕೊಂಡವನು ಊರಲ್ಲೇ ಉಳಿಯುತ್ತಾನೆ. ವಾಪಸ್ ಹೋಗುವಾಗ ಇನ್ನೊಂದು. ಟಿಬಿ ಬಂದವರು, ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡವರು ಶೆಡ್ಡಿನಲ್ಲಿ ಏನು ಮಾಡುತ್ತಾರೆ? ದುಡಿಯದಿದ್ದರೆ ಅಲ್ಲಿ ಜಾಗವೇ ಇಲ್ಲ. ಇನ್ನು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ. ಕಲ್ಲಿನ ಧೂಳು ಕುಡಿದು ಹತ್ತು ವರ್ಷವೋ ಇನ್ನೂ ಜಾಸ್ತಿಯೋ ಆದ ಮೇಲೆ ಕಾಣಿಸಿಕೊಳ್ಳುವುದು ಅದರ ಸಾಮಾನ್ಯ ರೀತಿ. ಅಷ್ಟೊತ್ತಿಗೆ ಆ ಮನುಷ್ಯ ಎಲ್ಲಿರುತ್ತಾನೋ. ಕಾಯಿಲೆ ಹಿಡಿದದ್ದು ಒಂದು ಜಿಲ್ಲೆಯಲ್ಲಿ, ಲೆಕ್ಕಕ್ಕೆ ಬರುವುದು ಇನ್ನೊಂದರಲ್ಲಿ. ಬಂದರೆ!

ಹೀಗೆ ಕಾಯಿಲೆಯವರು ಮರಳಿ ಹೋಗುವುದರಿಂದ ಲೆಕ್ಕದಲ್ಲಿ ಬರುವ ಓರೆಯನ್ನು, ಹುಟ್ಟಿದ ಕಡೆಗೇ ಮರಳುವ ಸಾಲ್ಮನ್ ಮೀನಿನ ಹೆಸರಿನಲ್ಲಿ, ಸಾಲ್ಮನ್ ಬಯಾಸ್ ಎನ್ನುತ್ತಾರೆ. ಆದರೆ ಎಲ್ಲವನ್ನೂ ಇದರ ತಲೆಗೆ ಕಟ್ಟಬೇಡಿ. 1999ರಲ್ಲಿ ಅಬ್ರೈಡೊ-ಲಾನ್ಜಾ ಮತ್ತು ಸಂಗಡಿಗರು ಒಂದು ಜಾಣ ದಾರಿ ಹಿಡಿದರು. ಕ್ಯೂಬಾದಿಂದ ಬಂದವರಿಗೆ ಮರಳಿ ಹೋಗುವ ದಾರಿ ಇರಲಿಲ್ಲ. ಪೋರ್ಟೊರಿಕೊದವರು ತಮ್ಮ ಊರಿಗೆ ಹೋಗಿ ಸತ್ತರೂ ಅಮೆರಿಕದ ಲೆಕ್ಕಕ್ಕೇ ಬರುತ್ತಿದ್ದರು. ಈ ಎರಡು ಗುಂಪುಗಳಲ್ಲೂ ಸಾವಿನ ಪ್ರಮಾಣ ಬಿಳಿಯರಿಗಿಂತ ಕಡಿಮೆಯೇ ಇತ್ತು. ಅಂದರೆ ಮರಳಿ ಹೋಗುವುದು ಒಂದೇ ಕಾರಣ ಅಲ್ಲ.

ನೀವು ಮಾಡಬಹುದಾದದ್ದು ಹೇಳುತ್ತೇನೆ. ಮೇಸ್ತ್ರಿಯ ಹಾಜರಿ ಪುಸ್ತಕ ಕೇಳಿ. ಹೋದ ವರ್ಷ ಇದ್ದು ಈಗ ಇಲ್ಲದ ಹೆಸರುಗಳನ್ನು ಹುಡುಕಿ. ಅವರು ಯಾಕೆ ಹೋದರು ಅಂತ ಜೊತೆಯವರಿಗೆ ಗೊತ್ತಿರುತ್ತದೆ, ಫೋನ್ ನಂಬರೂ ಇರುತ್ತದೆ. ಕರೆ ಮಾಡಿ, ಒಪ್ಪಿದರೆ ಅವರನ್ನೇ ಕೇಳಿ. ಮೇಸ್ತ್ರಿ ಪುಸ್ತಕ ಕೊಡದಿದ್ದರೆ ಅಡುಗೆ ಮಾಡಿ ಹಾಕುವವರನ್ನು ಕೇಳಿ, ಅವರ ನೆನಪು ಪುಸ್ತಕಕ್ಕಿಂತ ಚೆನ್ನಾಗಿರುತ್ತದೆ.

ಬಂದು ಎಷ್ಟು ಕಾಲವಾಯಿತು ಎಂಬ ಕಾಲಂ ಇದೆಯಾ? ವರ್ಷದಲ್ಲಿ ಒಂದರಿಂದ ಆರು ತಿಂಗಳೊಳಗೆ ಮಾತ್ರ ಕೆಲಸಕ್ಕೆ ಹೊರಗೆ ಹೋಗುವವರನ್ನು 2007-08ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ (ಎನ್‌ಎಸ್‌ಎಸ್) 64ನೇ ಸುತ್ತು ಅಲ್ಪಾವಧಿ ವಲಸಿಗರು ಅಂತ ಬೇರೆಯೇ ಇಟ್ಟಿತ್ತು. ನೀವೂ ಬೇರೆ ಮಾಡಿ ನೋಡಿ.

ಬಿಪಿ ಮೆಷಿನ್:

ಸಮುದಾಯ ಆರೋಗ್ಯ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ ನಾನು. ಎಣಿಕೆದಾರ ಸರ್ ಹೇಳಿದ್ದು ಸರಿ, ಆದರೆ ಅವರು ಪ್ರಶ್ನೆಯನ್ನೇ ಮುಟ್ಟಲಿಲ್ಲ. "ಕಾಯಿಲೆ ಆಗಿತ್ತಾ" ಎಂದು ಕೇಳಿದಾಗ ನಿಮಗೆ ಸಿಗುವುದು ಕಾಯಿಲೆಯ ಅಳತೆ ಅಲ್ಲ. ಯಾವುದನ್ನು ಕಾಯಿಲೆ ಎಂದು ಕರೆಯಲು ಆ ಮನುಷ್ಯನಿಗೆ ಸಾಧ್ಯವಾಗುತ್ತದೆ ಅನ್ನುವುದರ ಅಳತೆ. ಅಮರ್ತ್ಯ ಸೇನ್ 2002ರಲ್ಲಿ ಇದನ್ನೇ ತೋರಿಸಿದರು. ಕೇರಳದಲ್ಲಿ ಆಯುಷ್ಯ ಜಾಸ್ತಿ, ಕಾಯಿಲೆ ಇದೆ ಎನ್ನುವವರೂ ಜಾಸ್ತಿ. ಬಿಹಾರದಲ್ಲಿ ಎರಡೂ ಕಡಿಮೆ. ಕಾಯಿಲೆ ಹೇಳಿಕೊಳ್ಳುವುದರಲ್ಲಿ ಅಮೆರಿಕದವರಂತೂ ಕೇರಳವನ್ನೂ ಮೀರಿಸಿದ್ದರು. ಓದು ಇದ್ದು ಡಾಕ್ಟರ ಹತ್ತಿರ ಹೋಗಿಬಂದವರಿಗೆ ತಮ್ಮ ಕಾಯಿಲೆ ಗೊತ್ತಿರುತ್ತದೆ. ನಿಮ್ಮ ಹತ್ತನೇ ಕ್ಲಾಸಿನವರ ಉತ್ತರಕ್ಕೂ ಇದೇ ಕಾರಣ ಇರಬಹುದು.

"ಕಳೆದ ತಿಂಗಳು" ಎನ್ನುವುದೂ ತೊಂದರೆಯೇ. ಅರ್ಥಶಾಸ್ತ್ರಜ್ಞ ಜಿಷ್ಣು ದಾಸ್ ಮತ್ತು ಸಂಗಡಿಗರು ದೆಹಲಿಯ ಮನೆಗಳಲ್ಲಿ ವಾರದ ಲೆಕ್ಕದಲ್ಲೂ ಕೇಳಿದರು, ತಿಂಗಳ ಲೆಕ್ಕದಲ್ಲೂ ಕೇಳಿದರು. ತಿಂಗಳ ಲೆಕ್ಕದಲ್ಲಿ ಬಡವರ ಕಾಯಿಲೆಗಳು ಉಳ್ಳವರಿಗಿಂತ ಜಾಸ್ತಿ ಮರೆತು ಹೋಗಿದ್ದವು. ದಿನಾ ಮೈಕೈ ನೋಯುವವನಿಗೆ ಅದೊಂದು ಸುದ್ದಿಯೇ ಅಲ್ಲ.

ಸಾಧ್ಯವಾದರೆ ಅಳೆಯಿರಿ. ಬಿಪಿ, ತೂಕ, ಬೆರಳ ತುದಿಯ ಸಕ್ಕರೆ. ನೈತಿಕ ಸಮಿತಿಯ ಅನುಮತಿ ಬೇಕು, ಜಾಸ್ತಿ ಬಂದವರನ್ನು ಯಾವ ಆಸ್ಪತ್ರೆಗೆ ಕಳಿಸುವುದು ಅಂತ ಮೊದಲೇ ಗೊತ್ತಿರಬೇಕು. ಹೋಲಿಕೆ ಯಾರ ಜೊತೆ ಅನ್ನುವುದನ್ನೂ ಯೋಚಿಸಿ. 2010ರಲ್ಲಿ ಪ್ರಕಟವಾದ ಇಂಡಿಯನ್ ಮೈಗ್ರೇಷನ್ ಸ್ಟಡಿ ಲಖನೌ, ನಾಗಪುರ, ಹೈದರಾಬಾದ್, ಬೆಂಗಳೂರಿನ ಕಾರ್ಖಾನೆ ಕೆಲಸಗಾರರನ್ನು ಹಳ್ಳಿಯಲ್ಲೇ ಉಳಿದ ಅವರವರ ಒಡಹುಟ್ಟಿದವರ ಜೊತೆಗೇ ಹೋಲಿಸಿತು. ಮಧುಮೇಹ ಗಂಡಸರಲ್ಲಿ ಹಳ್ಳಿಯವರಿಗೆ 6.2%, ವಲಸೆ ಬಂದವರಿಗೆ 14.3%, ನಗರದವರಿಗೆ 13.5%. ಒಂದೇ ಮನೆಯಲ್ಲಿ ಬೆಳೆದವರು ನೋಡಿ. ನಿಮ್ಮ ಶೆಡ್ಡಿನವರು ಕಾರ್ಖಾನೆಯ ನೌಕರರಲ್ಲ, ಇದೇ ಅಂಕಿ ಬರಬೇಕಿಲ್ಲ. ಆದರೆ ಆ ದಾರಿ ಒಳ್ಳೆಯದು.

ಕೆಮ್ಮುತ್ತಿದ್ದರಲ್ಲ, ಅವರಿಗೆ ಕಫ ಪರೀಕ್ಷೆ ಮಾಡಿಸಿದಿರಾ? ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಪರೀಕ್ಷೆ ಉಚಿತ. ಥೀಸಿಸ್ ಆಮೇಲೆ.

ಚಾಕ್‌ಪೀಸ್:

ನಾನು ಶಾಲೆಯವಳು, ಅಂಕಿಸಂಖ್ಯೆ ಗೊತ್ತಿಲ್ಲ. ಓದು ಅಂತ ಬರೆದಿದ್ದೀರಿ, ಆದರೆ ದೊಡ್ಡವರು ಎಷ್ಟು ಓದಿದ್ದಾರೆ ಅಂತ ಮಾತ್ರ ಕೇಳಿದ್ದೀರಿ. ಅವರ ಮಕ್ಕಳು ಎಲ್ಲಿದ್ದಾರೆ? ಟಿಸಿ ಇಲ್ಲ ಅಂತ ಶಾಲೆಗೆ ಸೇರಿಸಿಕೊಳ್ಳದೆ ವಾಪಸ್ ಕಳಿಸಿದ್ದನ್ನು ನೋಡಿದ್ದೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಟಿಸಿ ತಡವಾಯಿತು ಅಂತ ಪ್ರವೇಶ ನಿರಾಕರಿಸುವ ಹಾಗಿಲ್ಲ. ಎಷ್ಟು ಮನೆಯವರಿಗೆ ಇದು ಗೊತ್ತು, ಅದನ್ನೂ ಕೇಳಿ.

ಫೀಲ್ಡ್‌ಬುಕ್:

ಎಲ್ಲರಿಗೂ ಥ್ಯಾಂಕ್ಸ್. ಬಂದು ಎಷ್ಟು ಕಾಲವಾಯಿತು ಎಂಬ ಕಾಲಂ ಇದೆ, ಇವತ್ತೇ ಬೇರೆ ಮಾಡಿ ನೋಡುತ್ತೇನೆ. ಡಾಕ್ಟರ್, ಅವರು ಈಗಲೂ ಅದೇ ಸೈಟಿನಲ್ಲಿದ್ದಾರೆ. ಕೂಲಿ ಹೋಗುತ್ತದೆ ಅಂತ ಆಸ್ಪತ್ರೆಗೆ ಬರಲು ಒಪ್ಪುತ್ತಿಲ್ಲ. ಕಫದ ಡಬ್ಬಿ ಸೈಟಿಗೇ ತಂದು ಕೊಡುವ ವ್ಯವಸ್ಥೆ ಇದೆಯಾ?

ಬಿಪಿ ಮೆಷಿನ್:

ಆ ಪ್ರದೇಶದ ಆಶಾ ಕಾರ್ಯಕರ್ತೆಯನ್ನು ಕೇಳಿ. ಡಬ್ಬಿ ಅವರ ಹತ್ತಿರ ಸಿಗಬಹುದು. ಇಲ್ಲದಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಿಂದ ನೀವೇ ತಂದುಕೊಡಿ. ಬೆಳಿಗ್ಗೆ ಎದ್ದ ತಕ್ಷಣದ ಕಫ ಇರಲಿ, ಎಂಜಲು ಬೇಡ.